‘ಕೊಕ್ಕರೆ’ ಎಂಬ ಒಂದೇ ಹೆಸರು ಸಾಲದು

ಪಾಲಾರ್ ನದಿಯ ದಂಡೆಯ ಬೇತಮಂಗಲ ಮೂರು ಭಾಷೆಗಳ ಊರು. ಕೋಲಾರದ ಚಿನ್ನದ ಗಣಿಗಳಿಗೆ ನೀರುಣಿಸಿದ ದೊಡ್ಡ ಕೆರೆ ಇಲ್ಲಿಯದು. ಪೂರ್ವಕ್ಕೆ ಹೊರಟರೆ ಆಂಧ್ರ, ದಕ್ಷಿಣಕ್ಕೆ ಇಳಿದರೆ ತಮಿಳುನಾಡು. ಬೇಸಿಗೆ ಮೊದಲಾಗುವ ಹೊತ್ತಿಗೆ ಹಿತ್ತಲ ಕೋಳಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸಿ, ಬಾಯಿ ತೆರೆದು ಉಸಿರೆಳೆಯುತ್ತ ಒಂದರ ಹಿಂದೊಂದು ಬಿದ್ದಾಗ ಕನ್ನಡದ ಮನೆಯವರು ‘ಕೊಕ್ಕರೆ ರೋಗ’ ಎನ್ನುತ್ತಾರೆ. ತೆಲುಗಿನ ಮನೆಯಲ್ಲಿ ಅದು ‘ಕೊಕ್ಕೆರ ತೆಗುಲು’. ತಮಿಳು ಮನೆಯಲ್ಲಿ ‘ವೆಳ್ಳೈ ಕಳಿಚ್ಚಲ್’, ಅಂದರೆ ಬಿಳಿ ಭೇದಿ. ಪಶು ಆಸ್ಪತ್ರೆಯ ದಾಖಲೆಯಲ್ಲಿ ಅದೇ ‘ರಾಣಿಖೇತ್’. ಹೆಸರು ನಾಲ್ಕಾದರೂ ರೋಗ ಒಂದೇ ಎಂಬುದು ಎಲ್ಲರ ನಂಬಿಕೆ. ತೊಡಕಿರುವುದು ಈ ನಂಬಿಕೆಯಲ್ಲಿಯೇ.

ಈ ಹೆಸರುಗಳೆಲ್ಲ ಹುಟ್ಟಿರುವುದು ಕಣ್ಣಿಗೆ ಕಾಣುವ ಲಕ್ಷಣದಿಂದ. ಕಣ್ಣಿಗೆ ಕಾಣದ ಕಾರಣ ಬೇರೆ ಬೇರೆಯಾಗಿರಬಹುದು. ಕೋಳಿ ಸತ್ತ ಮನೆಯವರು ಹೆಸರಿಟ್ಟು ಸುಮ್ಮನಾಗುತ್ತಾರೆ. ಅಂಗಡಿಯವನು ಹೇಳಿದ ಮಾತ್ರೆಯನ್ನು ನೀರಿಗೆ ಹಾಕಿ ಉಳಿದ ಕೋಳಿಗೆ ಕುಡಿಸುತ್ತಾರೆ. ಮರುವರ್ಷ ಮತ್ತೆ ಅದೇ ಕಥೆ. ಯಾವ ವೈರಾಣು ಬಂದಿತ್ತು, ಅದರ ತಳಿ ಯಾವುದು, ಹಾಕಿಸಿದ ಲಸಿಕೆ ಅದಕ್ಕೆ ತಕ್ಕುದಾಗಿತ್ತೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಪ್ರಯೋಗಾಲಯಗಳು ನಾಡಿನಲ್ಲಿವೆ. ಆದರೆ ಹಿತ್ತಲ ಕೋಳಿ ಅಲ್ಲಿಗೆ ತಲುಪುವುದು ಅಪರೂಪ. ತಲುಪಿದರೂ ಉತ್ತರ ಹಳ್ಳಿಗೆ ಮರಳುವುದು ಇನ್ನೂ ಅಪರೂಪ.

ಬೇತಮಂಗಲ ಬಯಲುಸೀಮೆಯ ಹೋಬಳಿ. ಅದರ ಗೊಡವೆ ಬೆಟ್ಟದ ಹಳ್ಳಿಗಳಿಗೇಕೆ ಎಂದು ಕೆಲವರು ಕೇಳಬಹುದು. ಸಂತೆಯ ಕೋಳಿಗೆ ಸೀಮೆಯ ಗಡಿ ತಿಳಿಯದು. ಯುಗಾದಿಯ ಮರುದಿನದ ಹೊಸತೊಡಕಿಗೆ, ಊರಹಬ್ಬಕ್ಕೆ, ಜಾತ್ರೆಗೆ ಬುಟ್ಟಿಗಟ್ಟಲೆ ನಾಟಿ ಕೋಳಿ ಕೈ ಬದಲಾಗುವ ವಾರಗಳಲ್ಲಿ ಒಂದು ತಾಲ್ಲೂಕಿನ ರೋಗ ಇನ್ನೊಂದು ಜಿಲ್ಲೆಗೆ ಮೂರೇ ದಿನದಲ್ಲಿ ಹೋಗಬಲ್ಲದು. ರಸ್ತೆ ದೂರವಾದಷ್ಟೂ, ಪಶುವೈದ್ಯರು ಕಡಿಮೆಯಾದಷ್ಟೂ ನಷ್ಟ ಹೆಚ್ಚು. ಬೇತಮಂಗಲದ ಹೆಂಗಸರಿಗೆ ಸಿಗದ ಉತ್ತರ ಬೆಟ್ಟದ ಮೇಲಿನವರಿಗೆ ಸಿಗುವ ಸಂಭವ ಇನ್ನೂ ಕಡಿಮೆ.

ಲಕ್ಷಣ ಒಂದು, ಕಾರಣ ಹಲವು

ಕೋಳಿಯ ಉಸಿರಾಟದ ಅಂಗಗಳಿಗೆ ತಗಲುವ ವೈರಾಣುಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ರಾಣಿಖೇತ್ ರೋಗದ ವೈರಾಣು. ಹೊರದೇಶಗಳಲ್ಲಿ ಇದರ ಹೆಸರು ನ್ಯೂಕ್ಯಾಸಲ್ ರೋಗ. ಎರಡನೆಯದು ಪಶುವೈದ್ಯರು ‘ಐ.ಬಿ.’ ಎಂದು ಕರೆಯುವ ಇನ್‌ಫೆಕ್ಷಸ್ ಬ್ರಾಂಕೈಟಿಸ್. ಇದನ್ನು ಮೊದಲು ವರ್ಣಿಸಿದ್ದು 1931ರಲ್ಲಿ, ಅಮೆರಿಕದ ನಾರ್ತ್ ಡಕೋಟಾದಲ್ಲಿ. ಇದಕ್ಕೆ ಕಾರಣ ಕೊರೊನಾ ಕುಟುಂಬದ ಒಂದು ವೈರಾಣು. ಆದರೆ ಕೋಳಿಯ ಈ ಕೊರೊನಾ ಮನುಷ್ಯರಿಗೆ ರೋಗ ತರುವುದಿಲ್ಲ. ಮೂರನೆಯದು ಹಕ್ಕಿಜ್ವರ, ಅಂದರೆ ಇನ್‌ಫ್ಲುಯೆಂಜಾ. ಇದರಲ್ಲಿಯೂ ಎರಡು ಬಗೆ: H5N1ನಂತೆ ಗೂಡಿಗೆ ಗೂಡನ್ನೇ ಬರಿದುಮಾಡುವ ಉಗ್ರ ಬಗೆ, H9N2ನಂತೆ ನೆಗಡಿಯಷ್ಟೇ ತೋರಿಸಿ ಮೊಟ್ಟೆ ಕಡಿಮೆಮಾಡುವ ಸೌಮ್ಯ ಬಗೆ. ಇವುಗಳ ಜೊತೆಗೆ ಕೊರೈಜಾ, ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ರೋಗಗಳೂ ಇವೆ.

ಎಲ್ಲದರ ಆರಂಭವೂ ಒಂದೇ: ಮೂಗಿನಲ್ಲಿ ಸಿಂಬಳ, ಗಂಟಲಲ್ಲಿ ಗೊರಗೊರ, ಮೇವು ಬಿಟ್ಟ ಕೋಳಿ. ಆಮೇಲೆ ದಾರಿ ಕವಲೊಡೆಯುತ್ತದೆ. ಕೊರಳು ತಿರುಚಿ, ಕಾಲು ಎಳೆದು, ಹಸಿರು ಭೇದಿಯಾದರೆ ರಾಣಿಖೇತ್ ಎಂಬ ಅನುಮಾನ ಬಲವಾಗುತ್ತದೆ. ಮೊಟ್ಟೆಯ ಚಿಪ್ಪು ಸುಕ್ಕುಗಟ್ಟಿ, ಒಳಗಿನ ಬಿಳಿ ಲೋಳೆ ನೀರಾದರೆ ಐ.ಬಿ. ಇರಬಹುದು. ಜುಟ್ಟು ನೀಲಿಗಟ್ಟಿ, ತಲೆ ಊದಿ, ಒಂದೆರಡು ದಿನದಲ್ಲಿ ಗೂಡು ಖಾಲಿಯಾದರೆ ಹಕ್ಕಿಜ್ವರವೇ ಸರಿ ಎಂದು ಹೇಳಲು ಬಾಯಿ ಬರುತ್ತದೆ; ಆದರೆ ಉಗ್ರ ರಾಣಿಖೇತ್ ಕೂಡ ಹಾಗೆಯೇ ಕೊಲ್ಲಬಲ್ಲದು. ಅರ್ಧಂಬರ್ಧ ಲಸಿಕೆಯಾದ ಕೋಳಿಗಳಲ್ಲಿ ಈ ಗುರುತುಗಳೂ ಮಸುಕಾಗುತ್ತವೆ. ಅನುಭವಿ ಪಶುವೈದ್ಯರೂ ಸತ್ತ ಕೋಳಿಯ ಹೊಟ್ಟೆ ಸೀಳಿ ನೋಡಿ ‘ಇದೇ’ ಎಂದು ಆಣೆಯಿಟ್ಟು ಹೇಳಲಾರರು. ಹೇಳಬೇಕಾದ್ದು ಪ್ರಯೋಗಾಲಯ.

ಬೆಟ್ಟದಲ್ಲಿ ಹುಟ್ಟಿದ ಹೆಸರು

ರಾಣಿಖೇತ್ ಎಂಬುದು ಹಿಮಾಲಯದ ಕುಮಾಊಂ ಬೆಟ್ಟಗಳಲ್ಲಿರುವ ಒಂದು ಊರು. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲೂ ಈ ರೋಗ ಗುರುತಿಸಲ್ಪಟ್ಟಿತು. ಅದರ ಬೆನ್ನಿಗೇ, 1927–28ರ ಸುಮಾರಿಗೆ, ರಾಣಿಖೇತ್‌ನ ಕೋಳಿಗಳಲ್ಲಿ ಕಾಣಿಸಿದ್ದನ್ನು ಎಡ್ವರ್ಡ್ಸ್ ಎಂಬ ವಿಜ್ಞಾನಿ ದಾಖಲಿಸಿದರು. ಭಾರತದಲ್ಲಿ ಆ ಬೆಟ್ಟದೂರಿನ ಹೆಸರೇ ರೋಗಕ್ಕೆ ಅಂಟಿಕೊಂಡಿತು. ಒಂದು ಊರನ್ನು ಹೀಗೆ ಕಳಂಕಕ್ಕೆ ಗುರಿಮಾಡುವುದು ತಪ್ಪೆಂದು ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರ ಹೊಸ ರೋಗಗಳಿಗೆ ಸ್ಥಳದ ಹೆಸರಿಡಬಾರದೆಂದು ಸೂಚಿಸಿದ್ದು 2015ರಲ್ಲಿ.

ಈ ಇತಿಹಾಸದಲ್ಲಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ರಾಣಿಖೇತ್‌ಗೆ ದೂರವಲ್ಲದ ಮುಕ್ತೇಶ್ವರದ ಬೆಟ್ಟದ ಮೇಲೆ ಆಗ ದೇಶದ ಪ್ರಧಾನ ಪಶುರೋಗ ಪ್ರಯೋಗಾಲಯವಿತ್ತು. 1889ರಲ್ಲಿ ಪುಣೆಯಲ್ಲಿ ಆರಂಭವಾದ ಆ ಸಂಸ್ಥೆಯನ್ನು 1893ರಲ್ಲಿ ಮುಕ್ತೇಶ್ವರಕ್ಕೆ ಸಾಗಿಸಲಾಯಿತು. ದನಗಳ ದೊಡ್ಡರೋಗದಂಥ ಅಂಟುರೋಗಗಳ ಮೇಲೆ ಕೆಲಸಮಾಡಲು ಜನವಸತಿಯಿಂದ ದೂರವಾದ, ತಂಪಾದ ಸ್ಥಳ ಬೇಕೆಂಬುದು ಕಾರಣ. ರೋಗ ಕಂಡ ಬೆಟ್ಟವೂ ರೋಗ ಗುರುತಿಸುವ ಬೆಟ್ಟವೂ ಹತ್ತಿರದಲ್ಲಿಯೇ ಇದ್ದವು. 1940ರ ದಶಕದಲ್ಲಿ ಅಲ್ಲಿನ ಹ್ಯಾಡೊ ಮತ್ತು ಇದ್ನಾನಿ ಎಂಬ ವಿಜ್ಞಾನಿಗಳು ವೈರಾಣುವಿನ ಉಗ್ರತೆಯನ್ನು ಮೊಟ್ಟೆಯ ಭ್ರೂಣಗಳಲ್ಲಿ ಪಳಗಿಸಿ ಲಸಿಕೆ ಸಿದ್ಧಪಡಿಸಿದರು. ‘ಮುಕ್ತೇಶ್ವರ ತಳಿ’ ಎಂದು ಜಗತ್ತು ಕರೆಯುವ ಆ ಲಸಿಕೆಯೇ ಇಂದಿಗೂ ಹಳ್ಳಿಯ ಕೋಳಿಗಳಿಗೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಚುಚ್ಚುವ ‘ಆರ್‌2ಬಿ’. ದೇಶದ ಮೂಲೆ ಮೂಲೆಯ ಕೋಳಿಗೂಡನ್ನು ಕಾಯ್ದದ್ದು ಬೆಟ್ಟದ ಒಂದು ಪ್ರಯೋಗಾಲಯ. ವೈರಾಣುವನ್ನು ಕೈಗೆ ಹಿಡಿದು, ಹೆಸರಿಟ್ಟು, ಪಳಗಿಸಿದ ಮೇಲಷ್ಟೇ ಆ ಕಾವಲು ಸಾಧ್ಯವಾಯಿತು.

ಪ್ರಯೋಗಾಲಯದೊಳಗೆ ನಡೆಯುವುದೇನು?

ಈ ಕೆಲಸದಲ್ಲಿ ಮಂತ್ರವೇನೂ ಇಲ್ಲ; ವಿಜ್ಞಾನದ ವಿದ್ಯಾರ್ಥಿಗಳು ಸುಲಭವಾಗಿ ಗ್ರಹಿಸಬಹುದಾದ ಹಂತಗಳಿವೆ. ರೋಗ ಹಿಡಿದ ಕೋಳಿಯ ಶ್ವಾಸನಾಳದಿಂದಲೂ ಹಿಂದ್ವಾರದಿಂದಲೂ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಅದನ್ನು 9ರಿಂದ 11 ದಿನ ಕಾವು ಕೊಟ್ಟ, ರೋಗಮುಕ್ತ ಹಿಂಡಿನ ಮೊಟ್ಟೆಗಳಿಗೆ ಚುಚ್ಚಿದರೆ ವೈರಾಣು ಭ್ರೂಣದ ಸುತ್ತಲಿನ ದ್ರವದಲ್ಲಿ ಬೆಳೆಯುತ್ತದೆ. ಐ.ಬಿ. ವೈರಾಣುವಾದರೆ ಒಂದು ಮೊಟ್ಟೆಯಿಂದ ಮತ್ತೊಂದಕ್ಕೆ ಕೆಲವು ಬಾರಿ ದಾಟಿಸಿದ ಮೇಲೆ ಭ್ರೂಣ ಕುಬ್ಜವಾಗಿ ಚೆಂಡಿನಂತೆ ಮುದುಡುತ್ತದೆ.

ಮುಂದಿನ ಹಂತ ಕೋಳಿಯ ರಕ್ತದಿಂದಲೇ. ಕೆಂಪು ರಕ್ತಕಣಗಳನ್ನು ಗುಳಿಗಳಿರುವ ತಟ್ಟೆಗೆ ಹಾಕಿದರೆ ಅವು ತಳದಲ್ಲಿ ಗುಂಡಿಯಂತೆ ಕೂಡುತ್ತವೆ. ರಾಣಿಖೇತ್ ಅಥವಾ ಹಕ್ಕಿಜ್ವರದ ವೈರಾಣು ಅಲ್ಲಿದ್ದರೆ ಕಣಗಳನ್ನು ಒಂದಕ್ಕೊಂದು ಹೆಣೆದು ಬಲೆಯಂತೆ ಹರಡುತ್ತದೆ. ಐ.ಬಿ. ವೈರಾಣು ಕಿಣ್ವದ ಉಪಚಾರವಿಲ್ಲದೆ ಹಾಗೆ ಹೆಣೆಯಲಾರದು. ಬಲೆ ಕಂಡಾಗ ಒಂದೊಂದು ವೈರಾಣುವಿಗೂ ಮೀಸಲಾದ ಪ್ರತಿಕಾಯವನ್ನು ಸೇರಿಸಿ ನೋಡುತ್ತಾರೆ. ಯಾವ ಪ್ರತಿಕಾಯ ಬಲೆ ಕಟ್ಟುವುದನ್ನು ತಡೆಯಿತೋ ಆ ವೈರಾಣು ಸಿಕ್ಕಿಬಿದ್ದಂತೆ. ಇಂದು ಪಿ.ಸಿ.ಆರ್. ಯಂತ್ರ ವೈರಾಣುವಿನ ವಂಶಧಾತುವಿನ ತುಣುಕನ್ನು ಕೋಟಿಪಾಲು ಮಾಡಿ ಅದೇ ಉತ್ತರವನ್ನು ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ಕೋವಿಡ್ ಕಾಲದ ಮೂಗುಕಡ್ಡಿಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ವೈರಾಣುವಿನ ಹೆಸರು ತಿಳಿದರೆ ಕೆಲಸ ಅರ್ಧವಾಯಿತು. ಉಳಿದರ್ಧ ಅದರ ತಳಿ. ರಾಣಿಖೇತ್‌ನಲ್ಲಿ ಲಸಿಕೆಯಾಗಿ ಕುಡಿಸುವ ಸಾಧು ತಳಿಯೂ ಇದೆ, ಊರನ್ನೇ ಬರಿದುಮಾಡುವ ಉಗ್ರ ತಳಿಯೂ ಇದೆ. ಹಿಂದೆ ಭ್ರೂಣ ಸಾಯಲು ಹಿಡಿಯುವ ಸಮಯದಿಂದ ಇದನ್ನು ಅಳೆಯುತ್ತಿದ್ದರು: 60 ಗಂಟೆಯೊಳಗೆ ಸತ್ತರೆ ಉಗ್ರ, 60ರಿಂದ 90 ಗಂಟೆಯಾದರೆ ಮಧ್ಯಮ, 90 ಮೀರಿದರೆ ಸಾಧು. ಈಗ ವೈರಾಣುವಿನ ಮೇಲ್ಮೈಯ ಒಂದು ಪ್ರೋಟೀನಿನ ಬೀಗವನ್ನು ಓದುತ್ತಾರೆ. ಆ ಪ್ರೋಟೀನು ಕೋಳಿಯ ದೇಹದ ಕಿಣ್ವದಿಂದ ಸೀಳಲ್ಪಟ್ಟರೆ ಮಾತ್ರ ವೈರಾಣು ಜೀವಕೋಶದೊಳಗೆ ಹೋಗಬಲ್ಲದು. ಸಾಧು ತಳಿಯ ಬೀಗಕ್ಕೆ ಹೊಂದುವ ಕೀಲಿ ಉಸಿರುನಾಳದಲ್ಲೂ ಕರುಳಲ್ಲೂ ಮಾತ್ರ ಸಿಗುತ್ತದೆ. ಉಗ್ರ ತಳಿಯ ಬೀಗಕ್ಕೆ ದೇಹದ ಎಲ್ಲ ಅಂಗದಲ್ಲೂ ಕೀಲಿಯಿದೆ. ಆದ್ದರಿಂದಲೇ ಅದು ಮಿದುಳಿಗೂ ಏರುತ್ತದೆ, ಕೊರಳು ತಿರುಚುತ್ತದೆ. H5 ಹಕ್ಕಿಜ್ವರದ ಉಗ್ರತೆಯನ್ನು ಓದುವುದೂ ಇಂಥದೇ ಬೀಗದಿಂದ. ಐ.ಬಿ.ಯಲ್ಲಿ ಓದುವುದು ವೈರಾಣುವಿನ ಮೈಮೇಲಿನ ಮುಳ್ಳಿನ ವಂಶಧಾತುವನ್ನು. 2016ರಲ್ಲಿ ಜಗತ್ತಿನ ವಿಜ್ಞಾನಿಗಳು ಐ.ಬಿ. ವೈರಾಣುಗಳನ್ನು ಆ ಮುಳ್ಳಿನ ಆಧಾರದ ಮೇಲೆ 6 ಗುಂಪು, 32 ವಂಶಗಳಾಗಿ ವಿಂಗಡಿಸಿದರು. ಕೋಳಿ ಸಾಕುವವಳ ಕಣ್ಣಿಗೆ ಇವೆಲ್ಲವೂ ಒಂದೇ ಗೊರಗೊರ ಸದ್ದು.

ಪುಣೆ ಕಲಿಸಿದ ಪಾಠ

ತಳಿ ಗುರುತಿಸುವುದು ವಿಜ್ಞಾನಿಗಳ ಚಪಲವಲ್ಲವೆಂಬುದಕ್ಕೆ ದೇಶದೊಳಗಿನ ಒಂದು ನಿದರ್ಶನ ಸಾಕು. ಕೋಳಿಮರಿಗಳು ಸತ್ತಾಗ ಕೆಲವೊಮ್ಮೆ ಹೊಟ್ಟೆಯೊಳಗೆ ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಲೇಪ ಕಾಣುತ್ತದೆ. ಮೂತ್ರಪಿಂಡ ಊದಿ ಬಿಳಿಚಿಕೊಂಡಿರುತ್ತದೆ. ಇದನ್ನು ಗೌಟ್ ಎನ್ನುತ್ತಾರೆ. ಮೇವಿನಲ್ಲಿ ಸುಣ್ಣದಂಶ ಹೆಚ್ಚಾದರೂ, ಕುಡಿಯುವ ನೀರು ಸಾಲದೆ ಹೋದರೂ, ಬೂಷ್ಟಿನ ವಿಷ ಸೇರಿದರೂ ಇದು ಬರಬಹುದು. ಆದ್ದರಿಂದ ಗೌಟ್ ಕಂಡಾಗ ದೂರು ಮೊದಲು ಹೋಗುವುದು ಮೇವಿನ ಮೇಲೆ, ಸಾಕಿದವರ ಅಜಾಗರೂಕತೆಯ ಮೇಲೆ.

ಪುಣೆಯ ಕೋಳಿರೋಗ ಪ್ರಯೋಗಾಲಯವೊಂದು 2000ದಲ್ಲಿ ಇಂಥ ಮರಿಗಳಿಂದ ಐ.ಬಿ. ವೈರಾಣುವನ್ನು ಬೇರ್ಪಡಿಸಿತು. ಅದರ ಮುಳ್ಳಿನ ವಂಶಧಾತುವನ್ನು ಓದಿ ನೋಡಿದಾಗ ಅದು ಆಗ ತಿಳಿದಿದ್ದ ಯಾವ ಗುಂಪಿಗೂ ಸೇರದ ಹೊಸ ಬಗೆ, ಮೂತ್ರಪಿಂಡವನ್ನೇ ಹುಡುಕಿ ಹಾಳುಮಾಡುವಂಥದು ಎಂದು ತಿಳಿಯಿತು. ಈ ಸಂಶೋಧನೆ 2005ರಲ್ಲಿ ಪ್ರಕಟವಾಯಿತು. ಉಸಿರಾಟದ ರೋಗದ ವೈರಾಣು ಮೂತ್ರಪಿಂಡದ ರೋಗವಾಗಿ ವೇಷ ಬದಲಿಸಿ ಬಂದಿತ್ತು. ಪರೀಕ್ಷೆಯಿಲ್ಲದಿದ್ದರೆ ಮೇವು ಬದಲಿಸುತ್ತ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ಮರಿಗಳು ಸಾಯುತ್ತಲೇ ಇರುತ್ತಿದ್ದವು.

ಲಸಿಕೆಯ ಆಯ್ಕೆಯೂ ಇದರ ಮೇಲೆಯೇ ನಿಂತಿದೆ. ಐ.ಬಿ.ಗೆ ಬಹಳ ಕಾಲದಿಂದ ಬಳಕೆಯಲ್ಲಿರುವುದು ಮ್ಯಾಸಚೂಸೆಟ್ಸ್ ತಳಿಯ ಲಸಿಕೆ. ಒಂದು ತಳಿಯ ಲಸಿಕೆ ಮತ್ತೊಂದು ತಳಿಯನ್ನು ತಡೆಯುತ್ತದೆಂಬ ಭರವಸೆ ಈ ವೈರಾಣುವಿನ ವಿಷಯದಲ್ಲಿ ಇಲ್ಲ; ಬೇರೆ ಬೇರೆ ಬಗೆಯ ಎರಡು ಲಸಿಕೆ ಸೇರಿಸಿದರೆ ರಕ್ಷಣೆಯ ಹರವು ಹೆಚ್ಚುತ್ತದೆ. ರಾಣಿಖೇತ್‌ನ ಸ್ಥಿತಿ ಇಷ್ಟು ಕಷ್ಟದ್ದಲ್ಲ. ಅದರ ಎಲ್ಲ ತಳಿಗಳೂ ಲಸಿಕೆಯ ದೃಷ್ಟಿಯಿಂದ ಒಂದೇ ಜಾತಿ. ಲಸೋಟಾ, ಎಫ್, ಆರ್‌2ಬಿ ಸರಿಯಾಗಿ ಹಾಕಿದರೆ ಸಾವು ತಪ್ಪುತ್ತದೆ. ಆದರೂ ಇಂದು ಸುತ್ತಾಡುತ್ತಿರುವ ಉಗ್ರ ತಳಿಗಳು ಹಳೆಯ ಲಸಿಕೆಯ ತಳಿಗಳಿಂದ ದೂರ ಸರಿದಿವೆ; ಲಸಿಕೆಯಾದ ಕೋಳಿ ತಾನು ಬದುಕಿದರೂ ವೈರಾಣುವನ್ನು ಹೊರಚೆಲ್ಲಿ ಪಕ್ಕದ ಗೂಡಿಗೆ ಹಂಚಬಲ್ಲದು. ಲಸಿಕೆ ಹಾಕಿಸಿದ ಹಳ್ಳಿಯಲ್ಲಿಯೂ ಕೋಳಿ ಸತ್ತರೆ ಲಸಿಕೆ ಕೆಟ್ಟಿತ್ತೆ, ಸೀಸೆ ಬಿಸಿಲು ಕಂಡಿತ್ತೆ, ಅಥವಾ ವೈರಾಣುವೇ ಬೇರೆಯೆ? ಈ ಮೂರು ಪ್ರಶ್ನೆಗೆ ಮೂರು ಬೇರೆ ಪರಿಹಾರ. ಯಾವುದೆಂದು ತಿಳಿಯದಿದ್ದರೆ ಲಸಿಕೆಯ ಮೇಲಿನ ನಂಬಿಕೆಯೇ ಸಾಯುತ್ತದೆ.

ಹೆಬ್ಬಾಳಕ್ಕೂ ಹಿತ್ತಲಿಗೂ ನಡುವೆ

ಬೇತಮಂಗಲದಿಂದ ಬೆಂಗಳೂರಿನ ಹೆಬ್ಬಾಳ ಸುಮಾರು ನೂರು ಕಿ.ಮೀ. ಅಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಿದೆ. ಅದೇ ಆವರಣದಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಇರುವ ಪ್ರಾದೇಶಿಕ ರೋಗ ಪತ್ತೆ ಪ್ರಯೋಗಾಲಯವೂ ಇದೆ. ರಾಣಿಖೇತ್ ಲಸಿಕೆಯನ್ನು ತಯಾರಿಸುವುದೂ ಈ ಸಂಸ್ಥೆಯೇ. ಹಕ್ಕಿಜ್ವರದ ಅಂತಿಮ ದೃಢೀಕರಣ ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪಶುರೋಗ ಸಂಸ್ಥೆಯದು. ಇಷ್ಟು ವಿದ್ಯೆ, ಇಷ್ಟು ಯಂತ್ರಗಳು ಒಂದು ಹಗಲಿನ ಪ್ರಯಾಣದಷ್ಟು ದೂರದಲ್ಲಿರುವಾಗ ಬೇತಮಂಗಲದ ಹಿತ್ತಲು ಕತ್ತಲಲ್ಲಿರುವುದೇಕೆ?

ಮೊದಲ ಕಾರಣ ಪ್ರಮಾಣದ್ದು. ಸಾವಿರಾರು ಕೋಳಿಗಳ ಫಾರಂನಲ್ಲಿ ಹತ್ತಾರು ಸತ್ತರೆ ಅದು ಸುದ್ದಿ. ಮಾದರಿ ಕೂಡಲೇ ಹೊರಡುತ್ತದೆ. ಎಂಟು ಕೋಳಿಗಳ ಮನೆಯಲ್ಲಿ ಎಂಟೂ ಸತ್ತರೆ ಅದು ಆ ಮನೆಯ ಹಣೆಬರಹ. ಹಾಗೆ ಸತ್ತದ್ದು ಒಬ್ಬ ಹೆಣ್ಣುಮಗಳ ಕೈಖರ್ಚು, ಮಗುವಿನ ಪುಸ್ತಕದ ಹಣ, ಬಾಣಂತಿಯ ಮೊಟ್ಟೆ ಎಂಬುದನ್ನು ಯಾವ ಲೆಕ್ಕಪುಸ್ತಕವೂ ಬರೆಯುವುದಿಲ್ಲ. ಎರಡನೆಯ ಕಾರಣ ಒಡೆತನದ್ದು. ಗುತ್ತಿಗೆ ಪದ್ಧತಿಯ ಬ್ರಾಯ್ಲರ್ ಸಾಕಣೆಯಲ್ಲಿ ಮರಿ, ಮೇವು, ಔಷಧ ಕಂಪನಿಯವು. ಶೆಡ್ಡು, ನೀರು, ದುಡಿಮೆ ರೈತನವು. ಮರಿಗಳಿಗೆ ಯಾವ ತಳಿಯ ಲಸಿಕೆಯಾಗಿದೆ, ಸತ್ತ ಕೋಳಿಯ ಪರೀಕ್ಷೆಯಲ್ಲಿ ಏನು ಬಂತು ಎಂಬುದನ್ನು ರೈತನಿಗೆ ತಿಳಿಸಲೇಬೇಕೆಂಬ ರೂಢಿ ಬೆಳೆದಿಲ್ಲ. ಅವನ ಶೆಡ್ಡಿನ ಪಕ್ಕದ ಹಿತ್ತಲಿನವರಿಗಂತೂ ತಿಳಿಯುವ ದಾರಿಯೇ ಇಲ್ಲ. ಗಾಳಿ, ನೊಣ, ಕಾಗೆ, ಗೊಬ್ಬರದ ಟ್ರ್ಯಾಕ್ಟರು ಮಾತ್ರ ಎರಡೂ ಕಡೆ ಓಡಾಡುತ್ತವೆ.

ಮೂರನೆಯದು ಲಸಿಕೆಯ ಸೀಸೆ. ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವ ಮದ್ದಿರುತ್ತದೆ. ಒಮ್ಮೆ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ತಂಪಾಗಿಡಬೇಕು. ಚದುರಿದ ಬೆಟ್ಟದ ಮನೆಗಳಲ್ಲಿ ಇದು ಹೇಗೆ ಸಾಧ್ಯ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸ್ಪ್ರಾಡ್‌ಬ್ರೋ ಅವರ ತಂಡ ಬಿಸಿಲು ತಾಳುವ ‘ಐ-2’ ತಳಿಯ ರಾಣಿಖೇತ್ ಲಸಿಕೆಯನ್ನು ಹಳ್ಳಿಯ ಕೋಳಿಗಳಿಗೆಂದೇ ರೂಪಿಸಿತು. ಟಾಂಜಾನಿಯಾ, ಮೊಜಾಂಬಿಕ್‌ಗಳ ಹಳ್ಳಿಗಳಲ್ಲಿ ಅದನ್ನು ಕಣ್ಣಿಗೆ ಹನಿಯಾಗಿ ಹಾಕುವವರು ಊರಿನವರೇ. ಅಂಥ ತಳಿಯನ್ನು ಹುಡುಕಿ ತೆಗೆದದ್ದೂ ತಳಿ ಗುರುತಿಸುವ ವಿದ್ಯೆಯೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಲಿಗೆಂದು ‘ಗಿರಿರಾಜ’ ಕೋಳಿಯನ್ನು ರೂಪಿಸಿಕೊಟ್ಟಿತು. ಗಿರಿಯ ಹೆಸರು ಹೊತ್ತ ಕೋಳಿಗೆ ಗಿರಿ ಹತ್ತಬಲ್ಲ ಲಸಿಕೆಯೂ ಬೇಡವೆ?

ಎರಡು ಆಕ್ಷೇಪಗಳು

ಹಿತ್ತಲ ಕೋಳಿಯನ್ನೆಲ್ಲ ಪರೀಕ್ಷಿಸಲು ಹಣವೆಲ್ಲಿದೆ, ಸುಮ್ಮನೆ ಎಲ್ಲಕ್ಕೂ ರಾಣಿಖೇತ್ ಲಸಿಕೆ ಹಾಕಿದರೆ ಸಾಲದೆ ಎಂಬುದು ಒಂದು ಆಕ್ಷೇಪ. ಲಸಿಕೆ ಬೇಕೇ ಬೇಕು; ಅದಕ್ಕೆ ಪರೀಕ್ಷೆ ಬದಲಿಯಲ್ಲ. ಆದರೆ ಸತ್ತ ಪ್ರತಿ ಕೋಳಿಯನ್ನೂ ಕಳಿಸಬೇಕೆಂದು ಯಾರೂ ಕೇಳುತ್ತಿಲ್ಲ. ಹೋಬಳಿಗೆ ಒಂದೋ ಎರಡೋ ಹಳ್ಳಿಗಳನ್ನು ಕಾವಲು ಹಳ್ಳಿಗಳೆಂದು ಆರಿಸಿ, ಸಾವು ಕಂಡ ಕೂಡಲೇ ಮೂರು ನಾಲ್ಕು ಕೋಳಿಗಳ ಮಾದರಿ ತೆಗೆದರೆ ಇಡೀ ಸೀಮೆಯ ಚಿತ್ರ ಸಿಗುತ್ತದೆ. ಅನ್ನ ಬೆಂದಿದೆಯೆ ಎಂದು ನೋಡಲು ಒಂದು ಅಗುಳು ಸಾಕು. ಆ ಒಂದು ಅಗುಳನ್ನೂ ಮುಟ್ಟದೆ ಬಡಿಸುವುದು ಸರಿಯಲ್ಲ.

ಎರಡನೆಯ ಆಕ್ಷೇಪ ಹಳ್ಳಿಯವರದು. ಇದಕ್ಕೆ ತೂಕ ಹೆಚ್ಚು. ಪರೀಕ್ಷೆಯಲ್ಲಿ ಹಕ್ಕಿಜ್ವರವೆಂದು ಬಂದರೆ ಊರಿನ ಕೋಳಿಯನ್ನೆಲ್ಲ ಕೊಲ್ಲುತ್ತಾರೆ. ಹೇಳದಿರುವುದೇ ಮೇಲು ಎಂಬ ಭಯ. ಭಯ ನಿರಾಧಾರವಲ್ಲ. ಭಾರತದಲ್ಲಿ ಕೋಳಿಗಳ H5N1 ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಸಂಸ್ಥೆಯ ಟರ್ಕಿಗಳಲ್ಲಿ ಅದು ದೃಢಪಟ್ಟಿತು. 2025ರ ಆರಂಭದಲ್ಲಿ, ಹಿಂದೆ ಕೋಲಾರ ಜಿಲ್ಲೆಯ ಭಾಗವೇ ಆಗಿದ್ದ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟು ಕೋಳಿಗಳನ್ನು ಕೊಲ್ಲಲಾಯಿತು. ರೋಗ ಕಂಡ ಸ್ಥಳದ ಸುತ್ತ 1 ಕಿ.ಮೀ.ಯೊಳಗಿನ ಕೋಳಿಗಳ ನಾಶ, 10 ಕಿ.ಮೀ.ವರೆಗೆ ನಿಗಾ ಎಂಬುದು ರಾಷ್ಟ್ರೀಯ ಕ್ರಿಯಾಯೋಜನೆಯ ನಿಯಮ. ಪರಿಹಾರ ಸಿಗುವುದು ಸರ್ಕಾರ ಕೊಂದ ಕೋಳಿಗೆ, ಮೊದಲೇ ಸತ್ತದ್ದಕ್ಕಲ್ಲ.

ಈ ನಿಯಮದ ಅರ್ಥವನ್ನು ಬಿಡಿಸಿ ನೋಡಬೇಕು. ಬೇಗ ತಿಳಿಸಿದವರ ಕೋಳಿ ಬದುಕಿರುವಾಗಲೇ ಲೆಕ್ಕಕ್ಕೆ ಬರುತ್ತದೆ; ಮುಚ್ಚಿಟ್ಟವರ ಕೋಳಿ ಸತ್ತು ಲೆಕ್ಕದಿಂದ ಹೊರಗುಳಿಯುತ್ತದೆ. ಮುಚ್ಚಿಟ್ಟದ್ದು ಕೋಳಿಗಷ್ಟೇ ಅಪಾಯವಲ್ಲ. 2025ರ ಮಾರ್ಚ್‌ನಲ್ಲಿ ನೆರೆಯ ಆಂಧ್ರಪ್ರದೇಶದಲ್ಲಿ ಒಂದು ಎಳೆಯ ಮಗು H5N1 ಸೋಂಕಿನಿಂದ ತೀರಿಕೊಂಡಿತು. ಹಾಗೆಯೇ, ಪರೀಕ್ಷೆಯಿಲ್ಲದ ಊರಿನಲ್ಲಿ ರಾಣಿಖೇತ್‌ನ ಸಾವೂ ಹಕ್ಕಿಜ್ವರದ ವದಂತಿಯಾಗುತ್ತದೆ. ಸುತ್ತಲ ಸಂತೆಗಳಲ್ಲಿ ಕೋಳಿ ಕೇಳುವವರಿಲ್ಲದಂತಾಗುತ್ತದೆ. ‘ಇದು ಹಕ್ಕಿಜ್ವರವಲ್ಲ’ ಎಂದು ಎದೆತಟ್ಟಿ ಹೇಳಬಲ್ಲ ಅಧಿಕಾರವೂ ಪ್ರಯೋಗಾಲಯದ್ದೇ. ಇನ್ನು ಸರ್ಕಾರದ ಕಡೆಯಿಂದ ಆಗಬೇಕಾದ್ದು ಪರಿಹಾರ ತಡವಾಗದೆ, ಮಾರುಕಟ್ಟೆಯ ಬೆಲೆಗೆ ಸಮೀಪವಾಗಿ, ಹಿತ್ತಲ ಕೋಳಿಯ ಒಡತಿಯ ಕೈಗೇ ಸೇರುವುದು. ಅದಾಗದೆ ಪ್ರಾಮಾಣಿಕ ವರದಿಯನ್ನು ಹಳ್ಳಿಯವರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಕೆರೆಯ ನೀರು, ಔಷಧದ ಹೊರೆ

ಪರಿಸರ ಚಳವಳಿಗೆ ಇದರಲ್ಲಿ ನೇರವಾದ ಪಾಲಿದೆ. ಹೆಸರಿಲ್ಲದ ರೋಗ ಬಂದಾಗ ಸತ್ತ ಕೋಳಿ ಹೋಗುವುದು ತಿಪ್ಪೆಗೆ, ಹಳ್ಳಕ್ಕೆ, ಕೆರೆಯಂಚಿಗೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಬೇತಮಂಗಲದ ಕೆರೆ ತುಂಬಿ ಎರಡು ರಾಜ್ಯಗಳಿಗೆ ಹರಿಯುತ್ತದೆ. ಕೆರೆಗೆ ಬಂದಿಳಿಯುವ ನೀರುಹಕ್ಕಿಗಳಲ್ಲಿ ಹಕ್ಕಿಜ್ವರದ ವೈರಾಣು ಇರಬಹುದೆಂದು ದೂರುವವರು ಅನೇಕರು; ಊರಿನ ಸತ್ತ ಕೋಳಿ ಆ ಹಕ್ಕಿಗಳಿಗೂ ಕಾಗೆಗಳಿಗೂ ರೋಗ ಹಂಚಬಲ್ಲದೆಂಬ ಮಾತು ಕೇಳಿಸುವುದು ಕಡಿಮೆ.

ಇನ್ನೊಂದು ಹೊರೆ ಆ್ಯಂಟಿಬಯೋಟಿಕ್‌ಗಳದು. ವೈರಾಣುವನ್ನು ಅವು ಕೊಲ್ಲಲಾರವು. ಕಾರಣ ತಿಳಿಯದಾಗ ಕೈಗೆ ಮೊದಲು ಸಿಗುವುದು ಮಾತ್ರ ಅವೇ. ಹಾಗೆ ಬೇಕಾಬಿಟ್ಟಿ ಸುರಿದ ಔಷಧ ಹಿಕ್ಕೆಯ ಮೂಲಕ ಗೊಬ್ಬರಕ್ಕೆ, ಹೊಲಕ್ಕೆ, ಕೆರೆಗೆ ಸೇರಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ. ಮನುಷ್ಯರ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಕೋಳಿ ಮೊದಲಾದ ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಬೇಕಾಯಿತು. ‘ಇದು ವೈರಾಣು ರೋಗ’ ಎಂಬ ಒಂದು ಸಾಲಿನ ವರದಿ ಸಮಯಕ್ಕೆ ಬಂದರೆ ಅಷ್ಟು ಔಷಧ ಕೆರೆಗೆ ಸೇರುವುದು ತಪ್ಪುತ್ತದೆ.

ಆಗಬೇಕಾದ್ದು

ಕಾನೂನು ಈಗಾಗಲೇ ಇದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕೆಂದು ಸಂಸತ್ತು 2009ರಲ್ಲಿ ಮಾಡಿದ ಕಾಯಿದೆ, ಅನುಸೂಚಿತ ರೋಗದ ಅನುಮಾನ ಬಂದರೆ ವರದಿಮಾಡುವ ಹೊಣೆಯನ್ನು ಸಾಕುವವರ ಮೇಲೆ ಹೊರಿಸಿದೆ. ಹೊಣೆ ಹೊತ್ತವರಿಗೆ ಉತ್ತರ ಕೇಳುವ ಹಕ್ಕೂ ಇರಬೇಕು. ಮಾದರಿ ಕೊಟ್ಟ ಮನೆಗೆ ಫಲಿತಾಂಶ ಕನ್ನಡದಲ್ಲಿ, ಗಡಿಯ ಊರುಗಳಲ್ಲಿ ಬೇಕಾದರೆ ತೆಲುಗು ತಮಿಳಿನಲ್ಲಿ, ಬರೆದು ಕೊಡುವ ಪದ್ಧತಿ ಬರಬೇಕು. ಹೋಬಳಿಯ ಪಶು ಆಸ್ಪತ್ರೆಯಲ್ಲಿ ಮಾದರಿ ಕಡ್ಡಿ, ಅದನ್ನಿಡುವ ದ್ರವ, ಮಂಜುಗಡ್ಡೆಯ ಪೆಟ್ಟಿಗೆ ಸದಾ ಸಿದ್ಧವಿರಬೇಕು. ಹೆಬ್ಬಾಳಕ್ಕೆ ಅದನ್ನು ಸಾಗಿಸುವ ಖರ್ಚು ವೈದ್ಯರ ಜೇಬಿನದಾಗಬಾರದು. ಗುತ್ತಿಗೆ ಸಾಕಣೆಯಲ್ಲಿ ಮರಿಗೆ ಹಾಕಿದ ಲಸಿಕೆಯ ತಳಿಯ ಹೆಸರು ರೈತನ ಕೈಯ ಚೀಟಿಯಲ್ಲಿ ಇರಲೇಬೇಕು. ಲಸಿಕೆಯ ವೈರಾಣುವೂ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದರಿಂದ ಈ ಚೀಟಿಯಿಲ್ಲದೆ ಪ್ರಯೋಗಾಲಯದ ಉತ್ತರವೂ ಗೊಂದಲವಾಗುತ್ತದೆ. ಯಾವ ತಾಲ್ಲೂಕಿನಲ್ಲಿ ಯಾವ ತಳಿ ಕಂಡಿತೆಂಬ ವಾರ್ಷಿಕ ಪಟ್ಟಿ ಗ್ರಾಮ ಪಂಚಾಯಿತಿಯ ಗೋಡೆಯಲ್ಲಿ ತೂಗಬೇಕು.

ಹಳ್ಳಿಯವರಿಂದ ಆಗಬೇಕಾದ್ದೂ ಇದೆ. ಕೋಳಿ ಸಾಯತೊಡಗಿದಾಗ ಉಳಿದದ್ದನ್ನು ಅವಸರದಲ್ಲಿ ಸಂತೆಗೆ ಒಯ್ಯುವುದು ರೋಗವನ್ನು ನೆಂಟರ ಮನೆಗೆ ಕಳಿಸಿದಂತೆ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ, ನೀರಿನ ಸೆಲೆಯಿಂದ ದೂರ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು. ಆದರೆ ಅದಕ್ಕೂ ಮೊದಲು ಪಶುವೈದ್ಯರಿಗೋ ಪಶುಸಖಿಗೋ ಸುದ್ದಿ ಮುಟ್ಟಿಸಬೇಕು. ಮಾದರಿಗೆ ಬೆಲೆಯಿರುವುದು ರೋಗ ಕಂಡ ಮೊದಲ ಕೆಲವು ದಿನಗಳಲ್ಲಿ. ಕೊಳೆತ ಕೋಳಿ ಏನನ್ನೂ ಹೇಳುವುದಿಲ್ಲ. ಶಾಲೆ ಕಾಲೇಜಿನ ಮಕ್ಕಳು ತಮ್ಮ ಊರಿನಲ್ಲಿ ಯಾವ ತಿಂಗಳು, ಎಷ್ಟು ಮನೆಯಲ್ಲಿ, ಎಷ್ಟು ಕೋಳಿ, ಯಾವ ಲಕ್ಷಣದಿಂದ ಸತ್ತವು, ಲಸಿಕೆಯಾಗಿತ್ತೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೂ ಸಾಕು. ಹೆಬ್ಬಾಳದ ಯಾವ ಯಂತ್ರವೂ ಆ ಲೆಕ್ಕವನ್ನು ತಾನೇ ತಯಾರಿಸಲಾರದು. ಆ ಲೆಕ್ಕ ಕೈಯಲ್ಲಿರುವ ಊರು ಮಾತ್ರ ಪಶು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಉತ್ತರ ಕೇಳಬಲ್ಲದು.

ಮುಂದಿನ ಬೇಸಿಗೆಗೆ ಮುನ್ನ, ಹೊಸತೊಡಕಿನ ಕೋಳಿ ಸಂತೆಗೆ ಇಳಿಯುವುದಕ್ಕೆ ಮೊದಲು, ಬೇತಮಂಗಲದಂಥ ಒಂದೊಂದು ಹೋಬಳಿಯ ಪಂಚಾಯಿತಿಗಳೂ ಈ ಬೇಡಿಕೆಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ ಪಶುಪಾಲನಾ ಇಲಾಖೆಗೆ ಕಳಿಸಲಿ. ಬೆಟ್ಟದ ಪಂಚಾಯಿತಿಗಳು ಅದಕ್ಕೆ ದನಿಗೂಡಿಸಲಿ.